ದಸ್ತಗೀರನ ಆರು ದಾರಗಳು

ಮೂಢನಂಬಿಕೆಯ ಬಗ್ಗೆ ಭಾಷಣ ಮಾಡುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಯಾರಾದರೂ ಕರೆದರೆ ಗಂಟಲು ಸರಿಯಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಬನಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಮೊದಲು ಹೀಗಿರಲಿಲ್ಲ. ಬಾಗಿಲಿಗೆ ಲಿಂಬೆಹಣ್ಣು ಕಟ್ಟಿದವರನ್ನು ಕಂಡರೆ ಸೈಕಲ್ಲಿನಿಂದ ಇಳಿದು ತಿಳಿಹೇಳಿ ಮುಂದೆ ಹೋಗುತ್ತಿದ್ದೆ. ಅವರು ಪಾಪ, ನಾನು ಬರುವುದನ್ನು ದೂರದಿಂದಲೇ ನೋಡಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ನಮ್ಮಪ್ಪ ನೂಲಿನ ಗಂಟು ಸಾಗಿಸಲು ಕೊಂಡಿದ್ದ ಪೆಟ್ರೋಲ್ ಲಾರಿ ಅವರ ನಂತರ ನನ್ನ ಕೊರಳಿಗೆ ಬಿತ್ತು. ಅದನ್ನು ಅಪ್ಪನ ಕಾಲದಿಂದಲೂ ನಡೆಸುತ್ತಿದ್ದವನು ದಸ್ತಗೀರ. ಆ ವರ್ಷ ಜಮಖಂಡಿಯ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಶಾಲೆಯ ಮಕ್ಕಳು ಎರಡು ತಿಂಗಳು ಕೂತು ಮಾದರಿಗಳನ್ನು ಮಾಡಿದ್ದರು. ಸೋಮವಾರ ಬೆಳಿಗ್ಗೆ ಎಲ್ಲವನ್ನೂ ನಮ್ಮ ಲಾರಿಯಲ್ಲೇ ಒಯ್ಯೋಣವೆಂದು ನಾನು ಹೆಡ್‌ಮಾಸ್ತರರಿಗೆ ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ದಸ್ತಗೀರನ ಮಗಳು ತೇರದಾಳದಲ್ಲಿ ಹಡೆದಳು. "ಮೊಮ್ಮಗನ್ನ ನೋಡಿ ಐತವಾರ ಸಂಜಿಕ ಬರತೀನ್ರಿ ಮಾಸ್ತರ್ರ. ಅಲ್ಲೀತನಾ ಗಾಡಿಗೆ ಕೈ ಹಚ್ಚಬ್ಯಾಡ್ರಿ" ಎಂದು ಹೇಳಿ ಅವನು ಹೋದ.

ಕೈ ಹಚ್ಚಬೇಡ ಎಂದರೆ ಕೈ ತುರಿಸುತ್ತದೆ. ಕಪ್ಪುಹಲಗೆಯ ಮೇಲೆ ಎಷ್ಟು ಸಲ ಎಂಜಿನ್ ಬರೆದಿಲ್ಲ ನಾನು! ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದವನೇ ಸಿಲಿಂಡರುಗಳಿಗೆ ಕಿಡಿ ಕೊಡುವ ಆರು ಹೊಸ ಪ್ಲಗ್ಗುಗಳನ್ನು ಹಿಡಿದು ಬಾನೆಟ್ ಎತ್ತಿದೆ. ನೋಡಿದರೆ ಪ್ಲಗ್ಗಿಗೆ ಹೋಗುವ ಪ್ರತಿ ವಾಯರಿಗೂ ಒಂದೊಂದು ಬಣ್ಣದ ದಾರ! ಬಿಳಿ, ಕೆಂಪು, ಹಸಿರು, ಹಳದಿ, ನೀಲಿ, ಕಪ್ಪು. ದಸ್ತಗೀರ ಯಾವುದೋ ದರ್ಗಾಕ್ಕೆ ಹರಕೆ ಹೊತ್ತು ಕಟ್ಟಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ವಿಜ್ಞಾನ ಮಾಸ್ತರನ ಲಾರಿಯಲ್ಲಿ ಇದೆಂಥ ಅನಾಚಾರ ಎನ್ನುತ್ತ ಆರನ್ನೂ ಬಿಚ್ಚಿದೆ. ಆರೂ ವಾಯರ್ ಕಿತ್ತು, ಸೀಮೆಎಣ್ಣೆಯಲ್ಲಿ ಒರೆಸಿ ಫಳಫಳ ಮಾಡಿ, ಹೊಸ ಪ್ಲಗ್ ಕೂರಿಸಿ ಮತ್ತೆ ಸಿಕ್ಕಿಸಿದೆ. ಕಸದ ಬುಟ್ಟಿಗೆ ಹಾಕಿದ ದಾರಗಳನ್ನು ನನ್ನ ಹೆಂಡತಿ ಗೌರವ್ವ ಎತ್ತಿಕೊಂಡು, ಯಾರ ದೇವರಾದರೇನು ಎಂದು ಕಣ್ಣಿಗೊತ್ತಿ, ನಮ್ಮ ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದಳು.

ಎಂಜಿನ್ ಶುರುವಾಯಿತು. ಆದರೆ ಬಿಕ್ಕಳಿಕೆ ಬಂದವರ ಹಾಗೆ ನಡುನಡುವೆ ತಡೆದು, ಇಡೀ ಲಾರಿ ನಡುಗಿ, ಒಮ್ಮೆ ಢಂ ಎಂದಿತು. ಓಣಿಯ ಕೋಳಿಗಳೆಲ್ಲ ದಿಕ್ಕಾಪಾಲಾದವು. ಎಂಜಿನ್ ಓಡುವಾಗ ಒಂದೊಂದೇ ವಾಯರ್ ಕಿತ್ತು ನೋಡಬೇಕು, ಕಿತ್ತಾಗ ಎಂಜಿನ್ ಇನ್ನೂ ಸೊರಗಿದರೆ ಆ ಸಿಲಿಂಡರ್ ದುಡಿಯುತ್ತಿದೆ, ಏನೂ ಆಗದಿದ್ದರೆ ಅದೇ ಮೈಗಳ್ಳ ಎಂದು ಓದಿದ್ದೆ. ಮೊಣಕೈತನಕ ಎರಡು ಸಲ ಝುಮ್ಮೆನ್ನಿಸಿಕೊಂಡು, ಎರಡು ಮತ್ತು ಮೂರನೆಯವು ಮೈಗಳ್ಳರೆಂದು ಕಂಡುಹಿಡಿದೆ. ಅವಕ್ಕೆ ಹಳೆಯ ಪ್ಲಗ್ ಹಾಕಿದೆ. ಮತ್ತದೇ ಬಿಕ್ಕಳಿಕೆ. ಭಾನುವಾರ ಪೆಟ್ರೋಲನ್ನೆಲ್ಲ ಇಳಿಸಿ ನನ್ನದೇ ಧೋತರದಲ್ಲಿ ಸೋಸಿದೆ. ಬಿಕ್ಕಳಿಕೆ ಹೋಗಲಿಲ್ಲ, ಧೋತರ ಹೋಯಿತು.

"ದಾರ ಬಿಚ್ಚಿದ್ರಲ್ಲ, ಅದಕ್ಕ ಹಿಂಗಾಗೇತಿ ನೋಡ್ರಿ" ಎಂದಳು ಗೌರವ್ವ. ದಾರಕ್ಕೂ ಎಂಜಿನ್ನಿಗೂ ಯಾವ ಸಂಬಂಧವೂ ಇಲ್ಲವೆಂದು ಅವಳಿಗೆ ಅರ್ಧ ಗಂಟೆ ತಿಳಿಹೇಳಿದೆ. ಅವಳು ಜೋಳ ಹಸನು ಮಾಡುತ್ತಲೇ ಕೇಳಿದಳು. ಆ ಹೊತ್ತಿಗೆ ನನಗೆ ಎಷ್ಟು ದಣಿವಾಗಿತ್ತೆಂದರೆ, ಸೋಮವಾರ ಮಕ್ಕಳ ಮುಖ ನೆನೆದು ಅಳು ಬರುವಂತಾಗಿತ್ತು.

ಸಂಜೆ ದಸ್ತಗೀರ ಬಂದ. ಬಾನೆಟ್ಟಿನೊಳಗೆ ಇಣುಕಿ, "ದಾರ ಯಾರು ಬಿಚ್ಚಿದ್ರಿ?" ಎಂದು ಕೇಳಿದ.

"ಹರಕಿ ದಾರ ಕಟ್ಟಿದ್ರ ಗಾಡಿ ಓಡತೈತೇನೋ?" ಎಂದೆ, ಇದ್ದಬದ್ದ ಗತ್ತನ್ನೆಲ್ಲ ಕೂಡಿಸಿಕೊಂಡು.

"ಎಲ್ಲೀ ಹರಕಿ ಬಿಡ್ರಿ ಮಾಸ್ತರ್ರ. ಮನ್ಯಾಗ ಮಗ್ಗದ ನೂಲು ಬಿದ್ದಿತ್ತು, ಗುರುತಿಗೆ ಕಟ್ಟಿದ್ನಿ. ಬಿಳೀದು ಒಂದನೇದು, ಕೆಂಪು ಎರಡನೇದು. ಒಂದರ ವಾಯರ್ ಇನ್ನೊಂದಕ್ಕ ಹೋದ್ರ ಕಿಡಿ ಹೊತ್ತು ತಪ್ಪಿ ಬರತೈತಿ. ನೀವು ಆರೂ ಒಮ್ಮೆಲೇ ಕಿತ್ತೀರೇನ್ರಿ?"

ನಾನು ಸೀಮೆಎಣ್ಣೆಯ ಅರಿವೆಯನ್ನು ಬೆನ್ನ ಹಿಂದೆ ಸರಿಸಿದೆ. ಅವನು ವಾಯರುಗಳ ಬುಡ ಹಿಡಿದು ಬೆರಳಲ್ಲೇ ಎಣಿಸುತ್ತ ಹೋಗಿ, ಎರಡು ಮತ್ತು ಮೂರನ್ನು ಅದಲು ಬದಲು ಮಾಡಿದ. ಗೌರವ್ವ ಓಡಿ ಹೋಗಿ ಕುಂಕುಮದ ಸಮೇತ ದಾರಗಳನ್ನು ತಂದುಕೊಟ್ಟಳು. ಅವನು ಒಂದೊಂದಾಗಿ ಕಟ್ಟಿ ಚಾಲು ಮಾಡಿದ. ಎಂಜಿನ್ ಒಂದೇ ಸಮನೆ ಗುಂಯ್ ಎನ್ನತೊಡಗಿತು. ಗೌರವ್ವ ಕೈಮುಗಿದಳು. "ನಾ ಯಾರ ಮುಂದೂ ಹೇಳೂದಿಲ್ರಿ" ಎಂದು ದಸ್ತಗೀರ ನನ್ನ ಕಿವಿಯಲ್ಲಿ ಹೇಳಿದ. ಅಷ್ಟು ದೊಡ್ಡ ಮನಸ್ಸು ಅವನದು.

ಮಕ್ಕಳು ಸೋಮವಾರ ಹೊತ್ತಿಗೆ ಸರಿಯಾಗಿ ಜಮಖಂಡಿ ಮುಟ್ಟಿದರು. ಆದರೆ ಅಷ್ಟರಲ್ಲಿ ಗೌರವ್ವ ಓಣಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಎರಡು ದಿನ ಸತ್ತು ಬಿದ್ದಿದ್ದ ಲಾರಿ, ಜಗಲಿಯ ಮೇಲಿಟ್ಟ ದಾರ ಕಟ್ಟಿದೊಡನೆ ಎದ್ದು ಕೂತಿತಂತೆ. ಅದು ಸುಳ್ಳೆಂದು ಸಾರಬೇಕಾದವನು ನಾನೇ. ಸಾರಿದರೆ, ಮತ್ತೆ ಹೇಗೆ ಸರಿಹೋಯಿತು ಎಂದು ಕೇಳುತ್ತಾರೆ. ಆಗ ಕಪ್ಪುಹಲಗೆಯ ಎಂಜಿನ್ನಿನ ಮಾತು ಬರುತ್ತದೆ. ಬೇಡವೆನಿಸಿ ಸುಮ್ಮನಾದೆ.

ಮೊನ್ನೆ ಹೆಡ್‌ಮಾಸ್ತರರು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು. "ನಮ್ಮ ಮೋಟಾರ್‌ಸೈಕಲ್ ಯಾಕೋ ತಡದು ತಡದು ಓಡಾಕತ್ತೇತ್ರಿ. ನಿಮ್ಮ ಮನ್ಯಾಗ ಅದೇನೋ ದಾರ ಕೊಡತಾರಂತಲ್ಲ?"

ನಾನು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದೆ: "ಯಾವ ಬಣ್ಣದ್ದು ಬೇಕ್ರಿ?"