ಕೈ ಎತ್ತಿದರೆ ನಿಲ್ಲುವ ಜೀಪು

ಸ್ಟೀರಿಂಗ್ ಹಿಡಿದವನಿಗೆ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ನನಗೆ ಮಾತ್ರ ಅವು ಭಾನುವಾರವೇ ಆಗಬೇಕು, ಅದೂ ಇಡೀ ಊರು ಸೇರಿದ ಕಡೆ, ಮೈಕಿನ ಮುಂದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಏಳೆಂಟು ವರ್ಷ ನಾನು ಲೇಪಾಕ್ಷಿ–ಹಿಂದೂಪುರ ರಸ್ತೆಯಲ್ಲಿ ಸರ್ವೀಸು ಜೀಪು ಓಡಿಸುತ್ತಿದ್ದೆ. ಸರ್ವೀಸು ಜೀಪೆಂದರೆ ದಾರಿಯಲ್ಲಿ ಯಾರು ಕೈ ಎತ್ತಿದರೂ ನಿಲ್ಲಬೇಕು, ಒಳಗೆ ಕಾಲಿಡಲು ಜಾಗ ಇಲ್ಲದಿದ್ದರೂ "ಜಾಗ ಐತೆ ಬನ್ನಿ" ಅನ್ನಬೇಕು. ಭಾನುವಾರ ಬಂತೆಂದರೆ ಅದೇ ಜೀಪಿನಲ್ಲಿ ರೇಸಿಗೆ ಹೋಗುತ್ತಿದ್ದೆ. ನಮ್ಮ ಕಡೆಯ ಕೆರೆಗಳಿಗೆ ನೀರಿನ ಕಾಟ ಕಡಿಮೆ. ಹಾಗಾಗಿ ಕೆರೆ ಅಂಗಳದಲ್ಲಿ ಸುಣ್ಣದ ಪುಡಿಯಿಂದ ದೊಡ್ಡದೊಂದು ಸುತ್ತು ಎಳೆದು, ಹಳೇ ಜೀಪು, ವ್ಯಾನುಗಳನ್ನು ಹತ್ತು ರೌಂಡು ಓಡಿಸುವ ಆಟ ಹುಟ್ಟಿಕೊಂಡಿತ್ತು. ನಿಯಮ ಒಂದೇ. ವಾರವೆಲ್ಲ ದುಡಿಯುವ ಗಾಡಿಯನ್ನೇ ತರಬೇಕು, ರೇಸಿಗೆಂದು ಬೇರೆ ಇಂಜಿನ್ ಕೂರಿಸಬಾರದು. ಈ ನಿಯಮ ಪಾಲಿಸಲು ನನಗೇನೂ ಕಷ್ಟವಾಗಲಿಲ್ಲ. ಇರುವ ಇಂಜಿನ್ನೇ ಸಂಜೆವರೆಗೆ ಇರಲಪ್ಪಾ ಎಂದು ದೇವರಿಗೆ ಕೈ ಮುಗಿದು ಹೊರಡುತ್ತಿದ್ದೆ.

ಯಾವ ಊರಲ್ಲಿ ರೇಸಿದ್ದರೂ ನಾನು ಹಾಜರ್. ನನ್ನಷ್ಟು ರೇಸು ಓಡಿದವನು ಆ ಸುತ್ತಮುತ್ತ ಇನ್ನೊಬ್ಬನಿಲ್ಲ. ಅಷ್ಟು ಓಡಿಯೂ ಒಂದು ಸಲವೂ ಮೊದಲು ಬಾರದವನು ಕೂಡ ಇನ್ನೊಬ್ಬನಿಲ್ಲ.

೧. ಕೊಡಗಳ ಮನೆ

ಎಲ್ಲ ಊರಿನ ಕಮಿಟಿಯವರೂ ಒಟ್ಟಿಗೆ ಕೂತು ಮಾತಾಡಿಕೊಂಡಿದ್ದರೋ ಏನೋ, ಎರಡನೇ ಬಹುಮಾನ ಯಾವಾಗಲೂ ಸ್ಟೀಲಿನ ಕೊಡ. ನಮ್ಮನೆಯಲ್ಲಿ ಹನ್ನೊಂದು ಕೊಡಗಳಾದವು. ನಲ್ಲಿಯಲ್ಲಿ ನೀರು ಬರುವುದೇ ಅಪರೂಪವಾದ ಊರಿನಲ್ಲಿ ಹನ್ನೊಂದು ಕೊಡ ಸಾಲಾಗಿ ಮಿಂಚುತ್ತಿದ್ದರೆ ನೋಡಲು ಬಹಳ ಚೆಂದ. ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಮೊದಲು ನಮ್ಮ ಕೊಡಗಳಿಗೆ ಕರೆ ಬರುತ್ತಿತ್ತು, ಆಮೇಲೆ ನಮಗೆ.

ನನ್ನ ಹೆಂಡತಿಗೆ ಬೇಕಾಗಿದ್ದುದು ಕೊಡವಲ್ಲ, ಮಿಕ್ಸಿ. ಅವಳು ಹಿಂದೂಪುರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಬಿಸಿನೀರಿನಲ್ಲಿ ಕೈಯದ್ದಿ ಬಂದು, ಮತ್ತೆ ಒರಳುಕಲ್ಲಿನ ಮುಂದೆ ಕೂರಬೇಕು. ಕಲ್ಯಾಣದುರ್ಗದ ರೇಸಿನಲ್ಲಿ ಮೊದಲನೇ ಬಹುಮಾನ ಮಿಕ್ಸಿ ಎಂಬುದು ಅವಳಿಗೆ ಹೇಗೋ ತಿಳಿದಿತ್ತು.

"ಒಂದೇ ಒಂದ್ ಸಲ ಮೊದಲು ಬಾ. ಇಲ್ಲಾಂದ್ರೆ ರೇಸ್ ಬುಟ್ಬುಡು. ಕೈ ಬಿದ್ದೋಯ್ತಾ ಐತೆ ನಂಗೆ," ಎಂದಳು.

"ಈ ಸಲ ಗ್ಯಾರಂಟಿ ಕಣೇ."

"ಹನ್ನೊಂದ್ ಗ್ಯಾರಂಟಿ ಅಟ್ಟದ ಮೇಲವೆ."

ಅವಳಿಗೆ ನನ್ನ ಮೇಲೆ ಇನ್ನೊಂದು ಸಿಟ್ಟಿತ್ತು. ಬೆಳಿಗ್ಗೆ ಅವಳು ಕ್ರಾಸಿನಲ್ಲಿ ನಿಂತು ಕೈ ಎತ್ತಿದರೆ ನಾನು ಹಾರನ್ ಹೊಡೆದು ಮುಂದೆ ಹೋಗುತ್ತಿದ್ದೆ. ಚಾರ್ಜು ಕೊಡುವವರು ನೇತಾಡುತ್ತಿರುವಾಗ ಮನೆಯವರನ್ನು ಕೂರಿಸಿಕೊಂಡರೆ ವ್ಯಾಪಾರವೇ? ಹಿಂದೆ ಬಸ್ಸು ಬರುತ್ತದಲ್ಲ. ನಾನು ನಿಲ್ಲಿಸದೆ ಹೋದರೂ ನನ್ನ ಹಾರನ್ನಿನಿಂದ ಅವಳಿಗೆ ಹೊತ್ತೆಷ್ಟಾಯಿತೆಂದು ತಿಳಿಯುತ್ತಿತ್ತು. ಅಷ್ಟು ಉಪಕಾರ ಸಾಲದೇ ಎಂದು ನಾನು ಬಗೆದಿದ್ದೆ.

೨. ಕಡಲೆಕಾಯಿ ಲೆಕ್ಕ

ಒಂದೂರಿನಲ್ಲಿ ರೌಂಡು ಎಣಿಸಲು ಊರಿನ ದೊಡ್ಡ ಮನುಷ್ಯರೊಬ್ಬರನ್ನು ಕುರ್ಚಿ ಹಾಕಿ ಕೂರಿಸಿದ್ದರು. ಅವರ ಮುಂದೆ ಮೇಜು, ಮೇಜಿನ ಮೇಲೆ ಹುರಿದ ಕಡಲೆಕಾಯಿಯ ಬುಟ್ಟಿ. ಗಾಡಿ ಒಂದು ರೌಂಡು ಮುಗಿಸಿದರೆ ಅದರ ಹೆಸರಿಗೆ ಒಂದು ಕಾಯಿ ಎತ್ತಿಡುವುದು. ಹತ್ತು ಕಾಯಿ ಯಾರ ಗುಡ್ಡೆಯಲ್ಲಿ ಮೊದಲು ಕೂಡುತ್ತದೋ ಅವರು ಗೆದ್ದಂತೆ.

ನಾನು ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಓಡಿಸಿರಲಿಲ್ಲ. ಹತ್ತು ರೌಂಡು ಮುಗಿಸಿ, ಎಲ್ಲರಿಗಿಂತ ಮೊದಲು ಬಂದು ನಿಲ್ಲಿಸಿದೆ.

"ಯಾಕ್ ನಿಲ್ಸ್ದೆ? ನಿಂದು ಆರೇ ಆಗಿರೋದು! ಹೋಗ್, ಹೋಗ್!" ಎಂದರು ಕುರ್ಚಿಯಲ್ಲಿದ್ದವರು.

ಮೈಕಿನವನೂ "ಪೋನೀ, ಪೋನೀ!" ಎಂದು ತೆಲುಗಿನಲ್ಲಿ ಓಡಿಸಲು ಹುರಿದುಂಬಿಸಿದ. ಗಾಬರಿಯಲ್ಲಿ ಮತ್ತೆ ಹೊರಟೆ. ಪ್ರತಿ ರೌಂಡಿನಲ್ಲೂ ಅವರನ್ನು ದಾಟುವಾಗ ನೋಡುತ್ತೇನೆ, ದವಡೆ ಆಡುತ್ತಲೇ ಇದೆ. ನನ್ನ ಗುಡ್ಡೆ ಅವರ ಬಲಗೈಗೆ ಹತ್ತಿರವಿತ್ತು. ಉಳಿದವರ ಗುಡ್ಡೆಗಳು ಆಚೆ ಇದ್ದುದರಿಂದ ಬದುಕಿಕೊಂಡಿದ್ದವು.

ಹದಿನಾಲ್ಕು ರೌಂಡು ಓಡಿ ಇಳಿಯುವಷ್ಟರಲ್ಲಿ ಎರಡನೇ ಸ್ಥಾನ. ಕುರ್ಚಿಯ ಕೆಳಗಿನ ಸಿಪ್ಪೆ ತೋರಿಸಿ, "ಸ್ವಾಮೀ, ಇವನ್ನೂ ಎಣಿಸಿ," ಎಂದೆ.

ಅವರು ಕೈ ಕೊಡವಿಕೊಂಡು ಎದ್ದರು. "ಸಿಪ್ಪೆ ಎಣ್ಸೋದು ರೂಲ್ಸಿನಾಗಿಲ್ಲ ಕಣಪ್ಪ. ಏನೇ ಹೇಳು, ನಿನ್ ಗುಡ್ಡೆ ಕಾಯಿ ಮಾತ್ರ ಭಾಳ ರುಚಿಯಾಗಿತ್ತು."

೩. ಗೋರಂಟ್ಲದ ಬೇವಿನ ಮರಗಳು

ರೇಸಿಗೆ ಹೋಗುವಾಗಲೂ ಖಾಲಿ ಹೋಗುವ ಜಾಯಮಾನ ನನ್ನದಲ್ಲ. ಗೋರಂಟ್ಲದ ರೇಸಿಗೆ ಹೊರಟಾಗ ಹಿಂದೂಪುರದಿಂದಲೇ ಜನ ತುಂಬಿಕೊಂಡೆ. ಎಲ್ಲರೂ ಗೋರಂಟ್ಲದ ಸಂತೆ ಹತ್ತಿರ ಇಳಿದರು. ಹೊತ್ತಾಗಿಬಿಟ್ಟಿತ್ತು. ಒಂಟಿ ಬೇವಿನ ಮರಕ್ಕೆ ಎಮ್ಮೆಯೊಂದನ್ನು ಕಟ್ಟಿದ್ದ ಕೆರೆ ಅಂಗಳಕ್ಕೆ ನೇರ ನುಗ್ಗಿಸಿದೆ, ಸೀಟಿ ಊದಿದರು, ಹೊರಟೆ.

ಎರಡನೇ ರೌಂಡಿನಲ್ಲಿ ಹಿಂದಿನಿಂದ ಕೆಮ್ಮು ಕೇಳಿಸಿತು. ತಿರುಗಿ ನೋಡಿದರೆ, ಕೊನೆಯ ಸೀಟಿನಲ್ಲಿ ನಿದ್ದೆ ಹೋಗಿದ್ದ ಮುದುಕಪ್ಪ ಎದ್ದು ಕೂತಿದ್ದಾನೆ. ನಿಲ್ಲಿಸಿದರೆ ರೇಸು ಹೋಗುತ್ತದೆ, ನಿಲ್ಲಿಸದಿದ್ದರೆ ಮುದುಕಪ್ಪ ಹೋಗುತ್ತಾನೆ. ನಾನು ರೇಸಿನ ಕಡೆಗೇ ವಾಲಿದೆ. ಅವನು ಟವೆಲನ್ನು ತಲೆಗೆ ಬಿಗಿಯಾಗಿ ಸುತ್ತಿ, ಕಂಬಿ ಹಿಡಿದು, ಗಂಭೀರವಾಗಿ ಹೊರಗೆ ನೋಡುತ್ತಾ ಕೂತ.

ಅಲ್ಲೂ ಎರಡನೇ ಸ್ಥಾನ. ಮುದುಕಪ್ಪ ಬಯ್ಯುತ್ತಾನೆಂದು ಹೆದರಿಕೊಂಡೇ ಕೈ ಹಿಡಿದು ಇಳಿಸಿದೆ. ಅವನು ಸುತ್ತ ಒಮ್ಮೆ ಕಣ್ಣಾಡಿಸಿದ.

"ಗೋರಂಟ್ಲ ಇಷ್ಟೊಂದ್ ದೂರ ಅಂತ ಗೊತ್ತಿರ್ಲಿಲ್ಲ ಕಣಪ್ಪ. ಆದ್ರೂ ಜನ ಒಳ್ಳೇರು. ದಾರಿ ಉದ್ದಕ್ಕೂ ಬೇವಿನ್ ಮರ ಹಾಕವ್ರೆ. ಒಂದೊಂದ್ ಮರುಕ್ಕೂ ಒಂದೊಂದ್ ಎಮ್ಮೆ ಕಟ್ಟವ್ರೆ!"

೪. ಹುಲ್ಲಿನ ಹೊರೆಯಮ್ಮ

ಇದು ನಮ್ಮೂರ ಕೆರೆಯಲ್ಲೇ ಆದದ್ದು. ಕೊನೇ ರೌಂಡು. ಹಿಂದೆ ಯಾರೂ ಕಾಣುತ್ತಿಲ್ಲ. ಈ ಸಲ ಮೊದಲನೇ ಸ್ಥಾನ ನನ್ನ ಮಡಿಲಲ್ಲೇ ಬಿದ್ದಿದೆ. ತಿರುವಿನಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಕೈ ಎತ್ತಿದಳು.

ನಾನು ಯೋಚಿಸಲಿಲ್ಲ. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ತಲೆ ಹೊರಗೆ ಹಾಕಿ, "ಎಲ್ಲಿಗಮ್ಮಾ? ಹೊರೆ ಮೇಲಾಕ್ಲಾ?" ಎಂದೆ.

"ಎಲ್ಲಿಗೂ ಇಲ್ಲ ಕಣಪ್ಪ. ಮೇಕೆ ಅಡ್ಡ ಬತ್ತಿತ್ತು, ಓಡಿಸ್ತಿದ್ದೆ," ಎಂದಳು.

ಅಷ್ಟರಲ್ಲಿ ಎರಡು ಗಾಡಿಗಳು ನಮ್ಮಿಬ್ಬರ ಮೇಲೂ ಧೂಳು ಹೊಡೆದು ದಾಟಿದವು. ಮೇಕೆ ಕೂಡ ದಾಟಿತು. ಅದಕ್ಕೆ ಬಹುಮಾನ ಕೊಡಲಿಲ್ಲ, ನನಗೆ ಮೂರನೆಯದು ಕೊಟ್ಟರು.

ಮನೆಗೆ ಬಂದು ಹೇಳಿದಾಗ ಹೆಂಡತಿ ನಗಲಿಲ್ಲ. ಒರಳುಗುಂಡು ತಿರುಗಿಸುವುದನ್ನು ನಿಲ್ಲಿಸಿ, "ರೇಸಾಗೂ ಕೈ ಎತ್ತಿದ್ರೆ ನಿಲ್ಸ್ಬುಡ್ತೀಯಾ?" ಎಂದಳು.

"ಕಾಲು ತಾನೇ ಹೋಯ್ತದೆ ಕಣೇ. ಸರ್ವೀಸ್ ಓಡ್ಸೋರ ಕಾಲೆಲ್ಲಾ ಇಂಗೇ."

"ಓಡ್ಸೋರ್ದೆಲ್ಲಾನಾ?"

"ಎಲ್ಲಾರ್ದೂನೂ."

ಅವಳು ಮತ್ತೆ ರುಬ್ಬತೊಡಗಿದಳು. ಯಾಕೋ ಆವತ್ತು ಸ್ವಲ್ಪ ಹುರುಪಿನಿಂದ ರುಬ್ಬಿದಳು.

೫. ಕಲ್ಯಾಣದುರ್ಗ

ಕಲ್ಯಾಣದುರ್ಗದ ರೇಸಿಗೆ ಹೆಂಡತಿ ತಾನೂ ಬರುತ್ತೇನೆಂದಳು. ಇದೇ ಕೊನೆ, ಗೆದ್ದರೆ ಮಿಕ್ಸಿ, ಸೋತರೆ ಇನ್ನು ರೇಸಿನ ಮಾತೇ ಇಲ್ಲ ಎಂದು ಮೊದಲೇ ಆಣೆ ಹಾಕಿಸಿಕೊಂಡಿದ್ದಳು. ಅಷ್ಟು ವರ್ಷ ಓಡಿ ಅಟ್ಟದ ತುಂಬ ಕೊಡ ಬಿಟ್ಟರೆ ಏನೂ ಸಂಪಾದಿಸಲಿಲ್ಲವೆಂದು ನನಗೂ ಒಳಗೊಳಗೆ ನಾಚಿಕೆಯಾಗಿತ್ತು.

ದಾರಿಯಲ್ಲಿ ಕೇಳಿದಳು, "ನಿನ್ ಮುಂದೆ ಓಡೋನು ಯಾರು?"

"ಅಲ್ಲಿನ ಜೀಪಿನೋನೇ. ಭಾಳ ಜೋರು."

"ಅವ್ನೂ ಸರ್ವೀಸ್ ಓಡಿಸ್ತಾನಾ?"

"ಹೂಂ. ಕಲ್ಯಾಣದುರ್ಗ–ಬೆಳುಗುಪ್ಪ."

"ಹಂಗಾದ್ರೆ ಸರಿ," ಎಂದು ಕಿಟಕಿಯಾಚೆ ನೋಡಿದಳು. ನನಗೆ ಅರ್ಥವಾಗಲಿಲ್ಲ. ಅವಳ ಮಾತು ಬೇಗ ಅರ್ಥವಾಗುವ ಗಂಡನಾಗಿದ್ದರೆ ನಾನು ರೇಸಿಗೇ ಹೋಗುತ್ತಿರಲಿಲ್ಲ.

ಕೊನೇ ರೌಂಡಿನವರೆಗೂ ಬೆಳುಗುಪ್ಪದ ಜೀಪು ನನ್ನ ಮೂಗಿನ ಮುಂದೆಯೇ ಇತ್ತು. ಹಿಂದೆ ದೂರದಲ್ಲಿ ಒಂದು ಹಾಲಿನ ವ್ಯಾನು ಕ್ಯಾನು ಗಡಗಡಿಸುತ್ತಾ ಬರುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಕಡೆಯ ತಿರುವಿನಲ್ಲಿ ಒಬ್ಬ ಹೆಂಗಸು ಬಗಲಲ್ಲಿ ಬ್ಯಾಗು ಸಿಕ್ಕಿಸಿ, ಬಸ್ ಸ್ಟಾಪಿನಲ್ಲಿ ನಿಂತ ಹಾಗೆ ನಿಂತು, ನೀಟಾಗಿ ಕೈ ಎತ್ತಿದಳು. ನನ್ನ ಹೆಂಡತಿ! ಮುಂದಿನ ಜೀಪು ಕಿರ್ರನೆ ನಿಂತಿತು. ಡ್ರೈವರು ತಲೆ ಹೊರಗೆ ಹಾಕಿ, ಹತ್ತಮ್ಮಾ ಎಂದು ತೆಲುಗಿನಲ್ಲಿ ಕೂಗಿದ, "ಎಕ್ಕಮ್ಮಾ, ಎಕ್ಕು! ಬೆಳುಗುಪ್ಪ, ಬೆಳುಗುಪ್ಪ!"

ಆಗ ಹೊಳೆಯಿತು ಅವಳ ಉಪಾಯ. ಮಂತ್ರಿ ಮಾಡಬೇಕು ಇವಳನ್ನ, ಅಂದುಕೊಂಡೆ. ದಾರಿ ಖಾಲಿ. ಗೆರೆ ಕಾಣುತ್ತಿದೆ. ಮೇಜಿನ ಮೇಲೆ ಮಿಕ್ಸಿಯ ಡಬ್ಬ ಕೂಡ ಕಾಣುತ್ತಿದೆ. ಅವಳು ನನಗೆ ಹೋಗು ಹೋಗು ಎಂದು ಇನ್ನೊಂದು ಕೈಯನ್ನೂ ಎತ್ತಿ ಬೀಸಿದಳು.

ಎರಡೂ ಕೈ! ನನ್ನ ಕಾಲು ಯಾರ ಮಾತು ಕೇಳುತ್ತದೆ? ಆ ಜೀಪಿನ ಪಕ್ಕಕ್ಕೇ ತಂದು ನಿಲ್ಲಿಸಿ, ಗಿರಾಕಿ ಅವನ ಪಾಲಾಗಬಾರದೆಂಬ ಹಟದಲ್ಲಿ ನಾನೂ ಕೂಗಿದೆ, "ಇಲ್ಬನ್ನಿ, ಇಲ್ಬನ್ನಿ, ಜಾಗ ಐತೆ!"

ಕಟ್ಟಿಕೊಂಡ ಹೆಂಡತಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಅವಳು ಎತ್ತಿದ ಕೈಗಳನ್ನು ಹಾಗೇ ತಲೆಯ ಮೇಲಿಟ್ಟುಕೊಂಡಳು.

ಹಾಲಿನ ವ್ಯಾನು ಗಡಗಡ ಎನ್ನುತ್ತಾ ನಮ್ಮನ್ನು ದಾಟಿಹೋಯಿತು. ಹಾಲು ಒಡೆಯುವ ಮೊದಲು ಡೈರಿ ಸೇರಬೇಕಾದವನು ಅವನು. ಹುಟ್ಟಿದಾಗಿನಿಂದ ಯಾರು ಕೈ ಎತ್ತಿದರೂ ನಿಲ್ಲಿಸಿ ಗೊತ್ತಿಲ್ಲ.

ಮಿಕ್ಸಿ ಅವನಿಗೆ ಹೋಯಿತು. ಬಿದ್ದೆದ್ದು ಓಡಿಸಿದ್ದಕ್ಕೆ ನನಗೆ ಎರಡನೇ ಬಹುಮಾನ ಬಂತು. ಹನ್ನೆರಡನೇ ಕೊಡ.

ವಾಪಸ್ಸು ಬರುವಾಗ ಅವಳು ಆ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಮ್ಮೂರ ಕ್ರಾಸು ಬಂತು, ದಿನಾ ಬೆಳಿಗ್ಗೆ ಅವಳು ನಿಲ್ಲುವ ಜಾಗ. ಆಗ ನನ್ನ ಕಡೆ ತಿರುಗಿದಳು.

"ಮದ್ವೆ ಆದಾಗ್ಲಿಂದ ದಿನಾ ಇಲ್ಲಿ ನಿಂತು ಕೈ ಎತ್ತಿದೀನಿ. ಒಂದ್ ದಿನಾನೂ ನಿಲ್ಸ್ಲಿಲ್ಲ. ನಿಲ್ಸೋಕೆ ನಿಂಗೆ ಇವತ್ತೇ ಆಗ್ಬೇಕಿತ್ತಾ?"