ನಾಲ್ಕು ಜನರ ಸಭೆ

ಭಾನುವಾರ ಬೆಳಗ್ಗೆ ಬ್ರೆಡ್ ತರಲು ಹೋದ ಪಾದ್ರಿಯಮ್ಮ ಬೇಕರಿಯವನ ಎದುರಿಗೆ ಅತ್ತುಬಿಟ್ಟರು. ನಡೆದದ್ದು ಇಷ್ಟೇ. ಆದರೆ ಬೇಕರಿಯವನು ಇಷ್ಟಕ್ಕೆ ಸುಮ್ಮನಿರುವ ಆಸಾಮಿಯೇ? ಬೀದಿಯ ಉಸಾಬರಿಯೆಲ್ಲ ತನ್ನದೇ ಎಂದುಕೊಂಡಿದ್ದ ಪ್ರಾಣಿ ಅದು.

"ಯಾಕಕ್ಕಾ, ಏನಾಯ್ತು?"

"ನಮ್ಮ ದೇಶದಿಂದ ಮಿಷನ್ ಸಾಹೇಬ್ರು ಇವತ್ತು ಬರ್ತಿದಾರಪ್ಪಾ. ಹದಿನಾರು ವರ್ಷ ದುಡಿದ್ರೂ ನಮ್ಮ ಚರ್ಚಿನ ಸಭೆಗೆ ಬರೋರು ನಾಲ್ಕೇ ಜನ. ನೋಡಿದ್ರೆ ಬಾಗಿಲು ಹಾಕ್ಕೊಂಡು ನಡೀರಿ ಅಂತಾರೆ. ನಾವು ಹೋಗ್ಬಿಟ್ರೆ ಮಗು ಒಬ್ಬಳೇ ಆಗ್ತಾಳಲ್ಲ!"

ಮಗು ಇದ್ದದ್ದು ಚರ್ಚಿನ ಹಿತ್ತಲಲ್ಲಿ, ಮಣ್ಣಿನ ಕೆಳಗೆ. ಆರು ವರ್ಷದ ಹುಡುಗಿ ಮೂರು ದಿನದ ಜ್ವರದಲ್ಲಿ ಹೋಗಿ ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಪಾದ್ರಿಯಮ್ಮ ರಜೆಗೂ ತವರಿನ ಕಡೆ ಮುಖ ಹಾಕಿರಲಿಲ್ಲ. ಪಾದ್ರಿಗಳೂ ಹೋಗೋಣ ಎನ್ನಲಿಲ್ಲ.

ಅತ್ತ ಪಾದ್ರಿಗಳು ಪ್ಯಾಂಟು ಮಡಿಚಿಕೊಂಡು ಚರ್ಚಿನೊಳಗಿನ ದೀಕ್ಷೆಯ ತೊಟ್ಟಿ ಉಜ್ಜುತ್ತಿದ್ದರು. ಬ್ಯಾಪ್ಟಿಸ್ಟರಲ್ಲಿ ತಲೆಗೆ ನಾಲ್ಕು ಹನಿ ಚಿಮುಕಿಸಿದರೆ ದೀಕ್ಷೆಯಾಗುವುದಿಲ್ಲ. ಬುದ್ಧಿ ಬಲಿತವರು ತಾವಾಗಿ ಒಪ್ಪಿ, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಮೂರು ವರ್ಷದಿಂದ ಯಾರೂ ಮುಳುಗದೆ ಆ ತೊಟ್ಟಿಯಲ್ಲಿ ಮುರಿದ ಕುರ್ಚಿಗಳು ಠಿಕಾಣಿ ಹೂಡಿದ್ದವು. ಸದ್ಯ, ಸಭೆಗೆ ಬರುವ ನಾಲ್ವರಲ್ಲಿ ಒಬ್ಬನಾದ ಟೈಲರ್ ಕೊನೆಗೂ ಒಪ್ಪಿದ್ದ. ಅವನನ್ನು ತೋರಿಸಿಯಾದರೂ ಉಳಿದುಕೊಳ್ಳಬಹುದೇನೋ ಎಂಬ ಆಸೆ ಪಾದ್ರಿಗಳದು.

ಹತ್ತು ಗಂಟೆಗೆ ಬಾಗಿಲು ತೆರೆದರೆ ಬೀದಿಗೆ ಬೀದಿಯೇ ಒಳಗೆ ನುಗ್ಗಿತು. ಕ್ಷೌರದವನು, ಚಪ್ಪಲಿ ಹೊಲಿಯುವವನು, ಆಸ್ಪತ್ರೆಯ ನರ್ಸು, ಸ್ಕೂಲ್ ಟೀಚರು, ಅವರ ಅತ್ತೆ, ಅತ್ತೆಯ ತಂಗಿ! ಎಲ್ಲರೂ ಇಸ್ತ್ರಿ ಬಟ್ಟೆ ತೊಟ್ಟು ಬೆಂಚು ಹಿಡಿದು ಕೂತರು.

"ಇದೇನ್ರಪ್ಪಾ ಇದು!" ಎಂದರು ಪಾದ್ರಿಗಳು.

"ನೀವು ಸುಮ್ನಿರಿ. ನಮ್ಮ ಬೀದಿ ಪಾದ್ರಿಗಳನ್ನ ಯಾವನೋ ಬಂದು ಎತ್ತಂಗಡಿ ಮಾಡ್ತೀನಿ ಅಂದ್ರೆ ನಾವು ಕೈಕಟ್ಟಿ ಕೂತಿರ್ತೀವಾ?" ಎಂದ ಬೇಕರಿಯವನು.

"ಇದು ಮೋಸ ಕಣಯ್ಯಾ. ನಿಮಗೆ ವಿಶ್ವಾಸವೇ ಇಲ್ವಲ್ಲ!"

"ನಿಮ್ಮ ಮೇಲಿದೆ. ಸಾಲ್ದಾ?"

ಈ ಜನರ ಕಾಯಿಲೆ ಕಸಾಲೆಯಲ್ಲಿ ಪಾದ್ರಿಗಳು ಮಂಚದ ಪಕ್ಕ ಕೂತಿದ್ದುಂಟು. ಅದನ್ನು ಇವರು ನೆನಪಿಟ್ಟುಕೊಂಡಿದ್ದಾರೆ ಎಂದು ಗೊತ್ತಿರಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸುವಷ್ಟರಲ್ಲಿ ಸಾಹೇಬರ ಕಾರು ಬಂದೇಬಿಟ್ಟಿತು.

ಹಾಡು ಶುರುವಾಯಿತು. ಹಾಡು ಬಾರದವರೇ ಹೆಚ್ಚು ಜೋರಾಗಿ ಹಾಡಿದರು. ಟೈಲರ್ ತೊಟ್ಟಿಗಿಳಿದು, ತನ್ನ ವಿಶ್ವಾಸ ಹೇಳಿ, ಮುಳುಗಿ ಎದ್ದ. ಪಾದ್ರಿಗಳು ಕಣ್ಣೊರೆಸಿಕೊಂಡು ತಿರುಗುತ್ತಾರೆ, ಮೆಟ್ಟಿಲ ಮೇಲೆ ಬಿಳಿ ಏಪ್ರನ್ ಕಟ್ಟಿಕೊಂಡ ಬೇಕರಿಯವನು ನಿಂತಿದ್ದಾನೆ!

"ನಿಂಗೇನಯ್ಯಾ ಇಲ್ಲಿ ಕೆಲಸ?" ಎಂದು ಪಿಸುಗುಟ್ಟಿದರು.

"ಒಬ್ನೇ ಆದ್ರೆ ಚೆನ್ನಾಗಿರಲ್ಲ. ನನ್ನನ್ನೂ ಒಂದ್ಸಲ ಅದ್ದಿಬಿಡಿ."

"ಮನಸ್ಸಿಲ್ದೇ ಮುಳುಗಿದ್ರೆ ಅದು ಬರೀ ಸ್ನಾನ!"

"ಸ್ನಾನಾನೇ ಆಗ್ಲಿ. ಬೆಳಗ್ಗೆಯಿಂದ ಪುರುಸೊತ್ತೇ ಆಗಿಲ್ಲ."

ಪಾದ್ರಿಗಳು ತಳ್ಳಿದರು, ಅವನು ಜಗ್ಗಿದ, ಕಾಲು ಜಾರಿ ತೊಟ್ಟಿಗೆ ಬಿದ್ದ. ತೊಟ್ಟಿಯ ಅರ್ಧ ನೀರು ಸಾಹೇಬರ ಬೂಟಿನ ಮೇಲೆ! ಸಾಹೇಬರು ಕೋಪಿಸಿಕೊಳ್ಳಲಿಲ್ಲ. ಇಂಥ ಉತ್ಸಾಹ ಎಲ್ಲೂ ನೋಡಿಲ್ಲವೆಂದು ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡರು.

ಆಮೇಲೆ ಅವರು ಎದ್ದು ನಿಂತು, ತಮ್ಮ ಭಾಷೆಯಲ್ಲಿ ಸಭೆಗೊಂದು ಪ್ರಶ್ನೆ ಹಾಕಿದರು. ಬ್ಯಾಪ್ಟಿಸ್ಟರಲ್ಲಿ ಯಾವುದನ್ನೂ ಮೇಲಿನವರು ಹೇರುವುದಿಲ್ಲ. ಸಭೆಯೇ ಕೈ ಎತ್ತಿ ತೀರ್ಮಾನಿಸಬೇಕು. ಆ ಪ್ರಶ್ನೆಯನ್ನು ಈ ಬೀದಿಯ ಭಾಷೆಗೆ ತಿರುಗಿಸಿ ಹೇಳಬೇಕಾದವರು ಪಾದ್ರಿಗಳು.

ಅವರು ಬಾಯಿ ಬಿಡುವ ಮೊದಲೇ ಕೈಗಳು ಮೇಲೆದ್ದವು. ಆ ಯಪ್ಪ ಏನೇ ಕೇಳಲಿ, ಹಿಂದೆ ಮುಂದೆ ನೋಡದೆ ಕೈ ಎತ್ತಿ ಎಂದು ಬೇಕರಿಯವನು ಮೊದಲೇ ಎಲ್ಲರಿಗೂ ತಾಕೀತು ಮಾಡಿದ್ದ.

"ತಡೀರಿ, ತಡೀರಪ್ಪಾ!" ಎಂದರು ಪಾದ್ರಿಗಳು ಗಾಬರಿಯಲ್ಲಿ. ಪಾಪ, ಸಾಲದೇನೋ ಎಂದುಕೊಂಡು ಎಲ್ಲರೂ ಎರಡನೆಯ ಕೈಯನ್ನೂ ಎತ್ತಿದರು. ಕೈ ಎತ್ತದೆ ಕೂತವರು ನಾಲ್ಕೇ ಜನ. ಅವರು ಪ್ರಶ್ನೆಯ ಅರ್ಥಕ್ಕಾಗಿ ಕಾಯುತ್ತಿದ್ದರು.

ಸಾಹೇಬರು ಕೇಳಿದ್ದು ಇದು: ಮಿಷನರಿಯ ಹಂಗಿಲ್ಲದೆ ಈ ಸಭೆಯನ್ನು ನೀವೇ ನಡೆಸಿಕೊಂಡು ಹೋಗಬಲ್ಲಿರಾ?

ಒಳಕೋಣೆಗೆ ಬಂದ ಸಾಹೇಬರು ಚೀಲದಿಂದ ಒಂದು ಕಾಗದ ತೆಗೆದರು. "ಇಲ್ಲಿ ಜನ ತೀರಾ ಕಡಿಮೆ ಅಂತ ಕೇಳಿದ್ದೆ. ಇನ್ನೂ ಹತ್ತು ವರ್ಷ ನೀವು ಇಲ್ಲೇ ಇರ್ಬೇಕು ಅಂತ ಆರ್ಡರ್ ತಂದಿದ್ದೆ ನೋಡಿ." ಅದನ್ನು ಪರಪರ ಹರಿದರು. "ಇನ್ನು ಇದು ಬೇಡ. ನಿಮ್ಮ ಕೆಲಸ ಮುಗೀತು. ಹೊಸ ದೇಶಕ್ಕೆ ಹೊರಡಿ!"

"ಸಾರ್, ಅವರು ನಮ್ಮ ಸಭೆಯವರಲ್ಲ. ಪ್ರಮಾಣವಾಗಿ ಹೇಳ್ತೀನಿ, ಇರೋದು ನಾಲ್ಕೇ ಜನ."

ಸಾಹೇಬರು ನಕ್ಕು ಬೆನ್ನು ತಟ್ಟಿದರು. "ಎಷ್ಟು ವಿನಯ ರೀ ನಿಮಗೆ! ಹೊಸ ಜಾಗಕ್ಕೆ ಇಂಥವರೇ ಬೇಕು."

ಕಾರು ಹೋಯಿತು. ಒದ್ದೆ ಏಪ್ರನ್ ಹಿಂಡುತ್ತಾ ಬೇಕರಿಯವನು ಓಡಿ ಬಂದ. "ಗೆದ್ವಾ ಪಾದ್ರಿಗಳೇ?"

ಅವನ ಮುಖ ನೋಡಿದರೆ ನಿಜ ಹೇಳುವ ಮನಸ್ಸಾದರೂ ಹೇಗೆ ಬಂದೀತು? "ಗೆದ್ವಿ ಕಣಪ್ಪಾ," ಎಂದರು. ಹದಿನಾರು ವರ್ಷದಲ್ಲಿ ಆ ಬೀದಿಯಲ್ಲಿ ಅವರು ಆಡಿದ ಮೊದಲ ಸುಳ್ಳು ಅದು. ಬೀದಿಯೆಲ್ಲ ಚಪ್ಪಾಳೆ ಹೊಡೆಯಿತು.

ಪಾದ್ರಿಯಮ್ಮ ಹಿತ್ತಲಲ್ಲಿ ಮಗುವಿನ ಸಮಾಧಿಯ ಮೇಲಿನ ಹುಲ್ಲು ಕೀಳುತ್ತಿದ್ದರು. ಸಾಹೇಬರ ಭಾಷೆ ಅವರಿಗೂ ತವರಿನದೇ, ಪ್ರಶ್ನೆ ಕೇಳಿದಾಗಲೇ ಎಲ್ಲ ತಿಳಿದಿತ್ತು. ಹೊಸದಾಗಿ ಹೇಳುವಂಥದ್ದೇನೂ ಇರಲಿಲ್ಲ.

"ಎಷ್ಟು ದಿನ ಕೊಟ್ಟಿದಾರ್ರೀ?"

"ಮೂವತ್ತು."

ಪಾದ್ರಿಯಮ್ಮ ಉಳಿದ ಹುಲ್ಲನ್ನೂ ಕಿತ್ತು ಮುಗಿಸಿದರು. ಕೈಗೆ ಮೆತ್ತಿದ ಮಣ್ಣನ್ನು ಕೊಡವಿಕೊಳ್ಳಲಿಲ್ಲ.

"ಅವಳಿಗೆ ನೀವೇ ಹೇಳಿ. ನನ್ನ ಕೈಲಾಗಲ್ಲ."

ಪಾದ್ರಿಗಳು ಮಂಡಿಯೂರಿ ಕೂತರು. ವಾರವಾರ ತಪ್ಪದೆ ಸಭೆಗೆ ಉಪದೇಶ ಮಾಡಿದ ಮನುಷ್ಯ. "ಪುಟ್ಟೀ," ಎಂದರು. ಮುಂದಿನ ಮಾತು ಬರಲಿಲ್ಲ.