ಮನೋಹರನ ಕಾರ್ಡು, ನಟರಾಜುವಿನ ಹಲ್ಲು

ಕೈಲಾಂಚದ ನಟರಾಜುವಿನ ಎಡದವಡೆಯ ಹಲ್ಲೊಂದಕ್ಕೆ ಹುಳುಕು ಹಿಡಿದು ಮೂರು ವಾರವಾಗಿತ್ತು. ಕೆನ್ನೆ ಉಬ್ಬಿ, ಬಾಯೊಳಗೆ ನಿಂಬೆಹಣ್ಣು ಬಚ್ಚಿಟ್ಟುಕೊಂಡವನಂತೆ ಕಾಣುತ್ತಿದ್ದ. ಪಕ್ಕದ ಮನೆಯ ಕೆಂಚಮ್ಮ ಹೇಳಿದಳೆಂದು ಲವಂಗ ಒತ್ತಿಟ್ಟ, ಎದುರುಮನೆಯ ಸಿದ್ದಯ್ಯ ಹೇಳಿದನೆಂದು ಹೊಗೆಸೊಪ್ಪು ಕಡಿದ. ನೋವು ಮಾತ್ರ ಇಬ್ಬರ ಮಾತನ್ನೂ ಕೇಳಲಿಲ್ಲ.

"ಮುದ್ದೆ ನುಂಗಾಕೆ ಹಲ್ಯಾಕ್ಲಾ? ಸುಮ್ಕೆ ಕೆಲ್ಸುಕ್ಕೋಗು," ಎಂದ ಸಿದ್ದಯ್ಯ.

ಆ ಬೆಳಿಗ್ಗೆ ನಟರಾಜು ಗಟ್ಟಿಮನಸ್ಸು ಮಾಡಿದ. ಏನೇ ಆಗಲಿ, ಸಂಜೆ ಮನೆಗೆ ಮರಳುವಾಗ ಈ ಹಲ್ಲು ತನ್ನ ಬಾಯಲ್ಲಿರಕೂಡದು. ರಾಮನಗರದ ಡಾಕ್ಟರ ಬಳಿ ಹೋದರೆ ಫೀಜಿನ ಜೊತೆಗೆ ಆ ದಿನದ ಕೂಲಿಯೂ ಹೋಗುತ್ತದೆ. ಆದರೆ ಬಿಡದಿಯಲ್ಲಿ ಅವನು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಅವತ್ತೇ ಹಲ್ಲಿನ ಶಿಬಿರ. ತೊಡಕೆಂದರೆ ಅದು ಪರ್ಮನೆಂಟಿನವರಿಗೆ ಮಾತ್ರ. ಆರು ವರ್ಷದಿಂದ ಅದೇ ಶೆಡ್ಡಿನಲ್ಲಿ ಕಬ್ಬಿಣ ಹೊರುತ್ತಿದ್ದರೂ ನಟರಾಜು ಕಂಟ್ರಾಕ್ಟಿನವನು.

ಅವನ ಊರಿನವನೇ ಆದ ಮನೋಹರ ಪರ್ಮನೆಂಟು. ಗೆಳೆಯನ ಪಾಡು ನೋಡಲಾರದೆ ಬಸ್ಸಿನಲ್ಲೇ ತನ್ನ ಕಾರ್ಖಾನೆಯ ಕಾರ್ಡು ತೆಗೆದುಕೊಟ್ಟ.

"ನಂದು ಹೋದ್ವರ್ಸವೇ ಕಿತ್ತಾಯ್ತು, ಈ ಸಲ ಬೇಕಿಲ್ಲ. ಫೋಟೋನೂ ಮಿಸಿನ್ ಎಣ್ಣೆ ಕುಡ್ದು ಮಾಸೋಗೈತೆ. ಮನೋಹರ ಅನ್ನು ಸಾಕು, ಜಾಸ್ತಿ ಮಾತಾಡ್ಬ್ಯಾಡ ಕಣ್ಲಾ."

"ಬಾಯ್ ತೆಗ್ಯಾಕೇ ಆಯ್ತಿಲ್ಲ, ಇನ್ನೇನ್ ಮಾತಾಡನ?"

ಊಟದ ಹೊತ್ತಿಗೆ ನಟರಾಜು ಶಿಬಿರದ ಕುರ್ಚಿಯಲ್ಲಿ ಒರಗಿದ್ದ. ಡಾಕ್ಟರ್ ಐಶ್ವರ್ಯ ಆಗಷ್ಟೇ ಓದು ಮುಗಿಸಿ ಬಂದವರು, ಬಲು ಉತ್ಸಾಹಿ. ಬಾಯೊಳಗೆ ಬೆಳಕು ಬಿಟ್ಟು ನೋಡಿದರು. ರಿಜಿಸ್ಟರು ನೋಡಿದರು. ಮತ್ತೆ ಬಾಯಿ ನೋಡಿದರು.

"ಮನೋಹರ್ ಅವರೇ, ಹೋದ ವರ್ಷ ಇದೇ ಹಲ್ಲು ಕಿತ್ತಿದೆ ಅಂತ ಬರೆದಿದೆಯಲ್ಲ?"

ಮನೋಹರನ ಬಾಯಲ್ಲಿ ಕಿಂಡಿಯಿರುವುದೂ ಅದೇ ಜಾಗದಲ್ಲೆಂದು ನಟರಾಜುವಿಗೇನು ಗೊತ್ತು?

"ಆಮ್ಯಾಕೆ... ಬಂದೈತೆ ಮೇಡಂ," ಎಂದು ತೊದಲಿದ.

"ಮತ್ತೆ ಬೆಳೀತಾ?"

"ಊಂ, ಬೆಳ್ಕೊಂಡೈತೆ. ಕಿತ್ಬುಡಿ."

ಡಾಕ್ಟರ ಕೈಯಲ್ಲಿದ್ದ ಇಕ್ಕಳ ತಟ್ಟೆಗೆ ವಾಪಸಾಯಿತು. ನಲವತ್ತರ ಗಂಡಸಿಗೆ ಕಿತ್ತ ಹಲ್ಲು ಮತ್ತೆ ಹುಟ್ಟಿದೆ ಎಂದಮೇಲೆ ಅದನ್ನು ಕೀಳುವುದುಂಟೇ? ಶಿಬಿರ ನಡೆಸುತ್ತಿದ್ದ ದಂತ ಕಾಲೇಜಿಗೆ ಫೋನು ಹೋಯಿತು. ಜೊತೆಗೆ ಬಂದಿದ್ದ ವಿದ್ಯಾರ್ಥಿಗಳು ಸಾಲುಗಟ್ಟಿ, ಗರ್ಭಗುಡಿಗೆ ಇಣುಕುವಂತೆ ನಟರಾಜುವಿನ ಬಾಯಿಗೆ ಇಣುಕಿದರು. ಒಬ್ಬೊಬ್ಬರೂ ಕಡ್ಡಿಯಿಂದ ಹಲ್ಲನ್ನು ಒಮ್ಮೆ ತಟ್ಟಿದರು. ಪ್ರತಿ ಸಲವೂ ಅವನ ಕಣ್ಣಲ್ಲಿ ನೀರು ಚಿಮ್ಮಿತು.

ಹನ್ನೊಂದನೆಯವನು ತಟ್ಟಿದಾಗ ತಾಳ್ಮೆ ಮುಗಿಯಿತು. ಮನೋಹರನ ಕಾಲಿಗೆ ಆಮೇಲೆ ಬಿದ್ದರಾಯಿತು.

"ಮೇಡಂ, ನಾನು ಮನೋಹರ ಅಲ್ಲ. ನಟರಾಜು. ಕಂಟ್ರಾಕ್ಟ್‌ನೋನು. ದಮ್ಮಯ್ಯ, ಕಿತ್ಬುಡಿ."

ಅಷ್ಟರಲ್ಲಿ ಹಲ್ಲು ಮತ್ತೆ ಬೆಳೆದ ಸುದ್ದಿ ತಿಳಿದ ಕಾರ್ಖಾನೆಯ ಆಫೀಸರ್ ಶಂಭುಲಿಂಗ ಅವರು ಕ್ಯಾಮೆರಾದವನೊಂದಿಗೆ ಬಂದರು. ಡಾಕ್ಟರು ಅವರನ್ನೇ ಕೇಳಿದರು, "ಇವರು ಮನೋಹರ್ ಅಲ್ವಂತೆ, ಹೌದಾ ಸರ್?"

ಆರು ವರ್ಷದಿಂದ ದಿನಾ ನಟರಾಜು ಹೊಡೆದ ಸಲಾಮು ತೆಗೆದುಕೊಂಡಿದ್ದರೂ ಶಂಭುಲಿಂಗ ಒಮ್ಮೆಯೂ ಅವನ ಮುಖ ನೋಡಿದವರಲ್ಲ.

"ಕಂಟ್ರಾಕ್ಟ್‌ನೋರನ್ನ ಇಲ್ಲಿಗೆ ಯಾರು ಬಿಡ್ತಾರೆ ಮೇಡಂ? ಇವನು ನಮ್ಮ ಮನೋಹರನೇ. ನೋವಿಗೆ ಏನೋ ಬಡಬಡಿಸ್ತಾ ಇದಾನೆ," ಎಂದವರೇ, ಗೇಟಿನ ಬಳಿಯ ಅಂಗಡಿಯಿಂದ ಒಂದು ಜಲ್ಲೆ ಕಬ್ಬು ತರಿಸಿದರು. "ಹೊಸ ಹಲ್ಲಲ್ಲಿ ಕಬ್ಬು ಸಿಗಿಯಪ್ಪ. ಫೋಟೋ ಪೇಪರಲ್ಲಿ ಬರ್ಲಿ."

ನಟರಾಜು ಕಬ್ಬನ್ನು ದಿಟ್ಟಿಸಿದ. ಡಾಕ್ಟರು ಕೀಳದಿದ್ದರೆ ಬೇಡ, ಕಬ್ಬೇ ಕೀಳಲಿ. ಎಡದವಡೆಗೆ ಗಿಣ್ಣು ಕೊಟ್ಟು, ಕಣ್ಣು ಮುಚ್ಚಿ, ಮೂರು ವಾರದ ಸಿಟ್ಟನ್ನೆಲ್ಲ ಸೇರಿಸಿ ಕಚ್ಚಿ ಎಳೆದ. ಲಟಕ್ಕೆಂದಿತು. ಹಲ್ಲೊಂದು ಅಂಗೈಗೆ ಬಿತ್ತು.

ಗೆದ್ದೆನೆಂದು ನಾಲಗೆಯಾಡಿಸಿ ನೋಡಿದ. ಹುಳುಕು ಹಲ್ಲು ಬಂಡೆಯಂತೆ ಕೂತೇ ಇತ್ತು. ಹೋಗಿದ್ದು ಅದರ ಪಕ್ಕದ ಒಳ್ಳೆಯ ಹಲ್ಲು.

ಡಾಕ್ಟರ್ ಐಶ್ವರ್ಯ ಭುಜ ತಟ್ಟಿ ಸಮಾಧಾನ ಹೇಳಿದರು.

"ಯೋಚನೆ ಮಾಡಬೇಡಿ ಮನೋಹರ್. ನಿಮಗೆ ಅದೂ ಬೆಳೆಯುತ್ತೆ."